ಮೂಗಿಗೆ ಹತ್ತಿರದ ಹೊಗೆ

ತಂಗೀ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಹೂಂ ಎನ್ನಲೂ ಆಗಲಿಲ್ಲ, ಉಹೂಂ ಎನ್ನಲೂ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ವಾಕಡ್‌ನ ಮನೆಯಲ್ಲಿ ಬೆಳಿಗ್ಗೆ ಕಿಟಕಿ ತೆರೆದರೆ ಬರೀ ಮಬ್ಬು, ಮೊಬೈಲಿನಲ್ಲಿ ಗಾಳಿಯ ಅಂಕಿ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಈ ಹೊಗೆಗೆ ಹೊಟ್ಟೆಯಲ್ಲಿನ ಕೂಸಿನ ತೂಕ ಕಡಿಮೆಯಾಗುತ್ತದಂತೆ, ಈಗಲೇ ವಿಜಯಪುರಕ್ಕೆ ಅವ್ವನ ಮನೆಗೆ ಹೋಗಿಬಿಡಲಾ ದೊಡ್ಡವ್ವಾ ಅಂತ ಕೇಳಿದಿ. ನಾಲ್ಕನೇ ತಿಂಗಳಲ್ಲಿ ಇಂಥ ಹೆದರಿಕೆ ಹೊತ್ತುಕೊಂಡು ನಿದ್ದೆಗೆಡುವುದು ನಿನಗೂ ಬೇಡ, ಕೂಸಿಗೂ ಬೇಡ. ಹಾಗಂತ ನೀನು ಓದಿದ್ದು ಸುಳ್ಳು ಎಂದು ಹೇಳಿ ನಿನ್ನ ಬಾಯಿ ಮುಚ್ಚಿಸಲಾರೆ. ಅದು ನಿಜವೇ. ಆದರೆ ಎಷ್ಟು ನಿಜ, ಯಾವ ಹೊಗೆಗೆ ಎಷ್ಟು ಹೆದರಬೇಕು, ಯಾವುದನ್ನು ಯಾರು ದೂರ ಮಾಡಬೇಕು ಎಂಬುದು ಗೊತ್ತಾದರೆ ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ.

ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದವಳು ನಾನು. ಕೂಸನ್ನು ಒರೆಸಿ ತಕ್ಕಡಿಯ ಮೇಲೆ ಮಲಗಿಸಿದಾಗ ಕೋಣೆಯಲ್ಲಿದ್ದವರೆಲ್ಲ ಆ ಅಂಕಿಗಾಗಿ ಕಾಯುತ್ತಾರೆ. 2,500 ಗ್ರಾಮಿಗಿಂತ ಕಡಿಮೆ ಬಂದರೆ ಅದು ಕಡಿಮೆ ತೂಕದ ಶಿಶು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತೂಕ ದಾಖಲಾದ ಕೂಸುಗಳಲ್ಲಿ ನೂರಕ್ಕೆ 18 ಈ ಗೆರೆಯ ಕೆಳಗೆ ಹುಟ್ಟುತ್ತವೆ. ಅಂಥ ಕೂಸಿನ ಮೈ ಬೇಗ ತಣ್ಣಗಾಗುತ್ತದೆ, ಮೊಲೆ ಚೀಪುವ ಕಸುವು ಕಡಿಮೆ, ಸೋಂಕು ಬೇಗ ತಗಲುತ್ತದೆ. ತೂಕದ ಮಾತು ತೊಟ್ಟಿಲಿಗೇ ಮುಗಿಯುವುದಿಲ್ಲ ಎಂದು ತೋರಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿದ್ದರು. ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದ ಸಂಶೋಧಕರು ಆ ಹಳೆಯ ದಾಖಲೆಗಳನ್ನು ಹಿಡಿದುಕೊಂಡು, 1954ರವರೆಗೆ ಅಲ್ಲಿ ಹುಟ್ಟಿ ದೊಡ್ಡವರಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. 3.1 ಕಿಲೋ ಮತ್ತು ಅದಕ್ಕೂ ಮೇಲ್ಪಟ್ಟು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಹುಟ್ಟಿದ ಗಳಿಗೆಯ ಅಂಕಿ ಐವತ್ತರ ವಯಸ್ಸಿನ ಎದೆಯವರೆಗೂ ಹಿಂದೆ ಬರುತ್ತದೆ ಎಂದಾಯಿತು.

ನೀನಿರುವ ಪುಣೆ ಈ ವಿಷಯದಲ್ಲಿ ಇನ್ನೂ ದೊಡ್ಡ ಹೆಸರು. ರಾಸ್ತಾ ಪೇಠದ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತವರ ತಂಡ 1993ರಲ್ಲಿ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಒಂದು ಅಧ್ಯಯನ ಆರಂಭಿಸಿತು. ಹೆಣ್ಣುಮಕ್ಕಳು ಬಸುರಾಗುವ ಮೊದಲೇ ಅವರ ಎತ್ತರ, ತೂಕ ನೋಡಿಕೊಂಡು, ಆಮೇಲೆ ಅವರ ಊಟ, ಕೆಲಸ, ರಕ್ತ, ಕೂಸು ಎಲ್ಲವನ್ನೂ ಹಿಂಬಾಲಿಸಿದರು. ದಿನ ತುಂಬಿ ಹುಟ್ಟಿದ ಆ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕಿಲೋದಷ್ಟೂ ಇರಲಿಲ್ಲ. ಇಂಗ್ಲೆಂಡಿನ ಕೂಸುಗಳದ್ದು ಸುಮಾರು ಮೂರೂವರೆ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಅಲ್ಲಿಂದಲೇ ತೆರೆದುಕೊಳ್ಳುತ್ತದೆ ಎಂಬುದು ಯಾಜ್ಞಿಕರ ವಾದ. ನಿನಗೆ ಹೇಳಬೇಕಾದ ಮಾತು ಇದರಲ್ಲೇ ಇದೆ. ತಾಯಿ ಒಟ್ಟು ಎಷ್ಟು ಉಂಡಳು ಎನ್ನುವುದಕ್ಕಿಂತ ಏನು ಉಂಡಳು ಎನ್ನುವುದಕ್ಕೆ ಕೂಸಿನ ಗಾತ್ರ ಹೆಚ್ಚು ಹೊಂದಿಕೊಂಡಿತ್ತು. ಹದಿನೆಂಟನೇ ವಾರದ ಹೊತ್ತಿಗೆ ಹಾಲು, ಇಪ್ಪತ್ತೆಂಟನೇ ವಾರದ ಹೊತ್ತಿಗೆ ಹಸಿರು ಸೊಪ್ಪು ಮತ್ತು ಹಣ್ಣು ಹೆಚ್ಚು ತಿಂದವರ ಕೂಸುಗಳು ದೊಡ್ಡವಾಗಿದ್ದವು. ನೀನು ಈಗ ಹದಿನೆಂಟನೇ ವಾರದ ಹತ್ತಿರ ಇದ್ದಿ. ಗಾಳಿಯ ಅಂಕಿ ನೋಡಿ ಊಟ ಸೇರುತ್ತಿಲ್ಲ ಎಂದಿಯಲ್ಲ, ಆ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬಂತು. ಮೆಂತ್ಯ, ಪಾಲಕ, ರಾಜಗಿರಿ, ಮೊಸರು, ಪೇರಲ ಬಿಟ್ಟು ಬರೀ ಮೊಬೈಲ್ ನೋಡುತ್ತ ಕೂತರೆ ಕೂಸಿಗೆ ಆಗುವ ನಷ್ಟ ಹೊರಗಿನ ಹೊಗೆಯದ್ದಕ್ಕಿಂತ ಕಡಿಮೆಯದಲ್ಲ.

ಇನ್ನೂ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ತೂಕ ಕಡಿಮೆಯಾದ ಕೂಸು ಹುಟ್ಟಿದಾಗ ಹೊರಗೆ ಕೂತ ಮಂದಿ ಎತ್ತುವ ಮೊದಲ ಮಾತು ತಾಯಿಯ ತಪ್ಪಿನದ್ದೇ ಆಗಿರುತ್ತದೆ. ಸರಿಯಾಗಿ ಉಣ್ಣಲಿಲ್ಲ, ಸುಮ್ಮನೆ ಕೂರಲಿಲ್ಲ, ಗಾಡಿ ಓಡಿಸಿದಳು, ಕೆಲಸ ಬಿಡಲಿಲ್ಲ, ಹೇಳಿದ ಮಾತು ಕೇಳಲಿಲ್ಲ. ಹೊಲಿಗೆ ಹಾಕಿದ ಮೈಯಲ್ಲಿ ಮಲಗಿದ ಹುಡುಗಿ ಕಿವಿಯಾರೆ ಇದನ್ನೆಲ್ಲ ಕೇಳುತ್ತ ಗೋಡೆಗೆ ಮುಖ ಮಾಡುವುದನ್ನು ನಾನು ನೋಡಿದ್ದೇನೆ. ಕೂಸಿನ ತೂಕಕ್ಕೆ ಕಾರಣ ಹತ್ತಾರು ಇರುತ್ತವೆ. ತಾಯಿಯ ಎತ್ತರ, ಅವಳು ಹುಡುಗಿಯಾಗಿದ್ದಾಗ ಸಿಕ್ಕ ಊಟ, ರಕ್ತಹೀನತೆ, ರಕ್ತದೊತ್ತಡ, ಸೋಂಕು, ದಿನ ತುಂಬುವ ಮೊದಲೇ ಬಂದ ಹೆರಿಗೆ, ಅವಳಿ ಕೂಸು. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತ ಕಡಿಮೆ ಎಂದು ಬಂದಿದೆ. ಹೊಗೆ ಈ ಸಾಲಿನಲ್ಲಿ ಒಂದು. ಅದೂ ಬಸುರಿ ತಾನಾಗಿ ಎಬ್ಬಿಸಿದ ಹೊಗೆ ಬಹಳ ಕಡಿಮೆ, ಅವಳ ಸುತ್ತಲಿನವರು ಎಬ್ಬಿಸಿದ್ದೇ ಹೆಚ್ಚು. ನಾಳೆ ನಿನ್ನ ಕೂಸು ನೂರು ಗ್ರಾಂ ಕಡಿಮೆ ಬಂದರೆ ನೀನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಈ ಪತ್ರವನ್ನು ಅಳಿಯಂದಿರಿಗೂ ನಿನ್ನ ಅತ್ತೆಯವರಿಗೂ ಓದಿ ಹೇಳು ಎನ್ನುವುದೂ ಅದಕ್ಕೇ.

ಹೊಗೆ ಹೊಟ್ಟೆಯವರೆಗೆ ಹೋಗುವುದು ಹೇಗೆ ಅಂತ ಕೇಳಿದ್ದಿ. ಕಣ್ಣಿಗೆ ಕಾಣುವ ದೂಳು ಮೂಗು-ಗಂಟಲಲ್ಲೇ ನಿಲ್ಲುತ್ತದೆ. ಪಿಎಂ 2.5 ಎನ್ನುವ ಕಣಗಳು ಕೂದಲೆಳೆಯ ದಪ್ಪದ ಇಪ್ಪತ್ತು-ಮೂವತ್ತರಲ್ಲಿ ಒಂದು ಪಾಲಿನಷ್ಟು. ಅವು ಶ್ವಾಸಕೋಶದ ತಳ ಮುಟ್ಟುತ್ತವೆ, ಅವುಗಳಲ್ಲಿ ತೀರಾ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಮೈಯೊಳಗೆ ಉರಿಯೂತ ಏಳುತ್ತದೆ, ಮಾಸುಚೀಲಕ್ಕೆ ಹೋಗುವ ರಕ್ತದ ಹರಿವು ಕುಂದಬಹುದು. ಮಾಸೇ ಕೂಸಿಗೆ ಉಸಿರು, ಮಾಸೇ ಊಟ. 2019ರಲ್ಲಿ ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಾಸಿನಲ್ಲಿ, ಅದೂ ಕೂಸಿನ ಕಡೆಯ ಮಗ್ಗುಲಿನಲ್ಲಿ, ಮಸಿಯ ಕಣಗಳನ್ನು ಸೂಕ್ಷ್ಮದರ್ಶಕದಡಿ ಕಂಡರು. ಹೆಚ್ಚು ಹೊಗೆಯ ಜಾಗದಲ್ಲಿದ್ದ ತಾಯಂದಿರ ಮಾಸಿನಲ್ಲಿ ಹೆಚ್ಚು ಕಣಗಳಿದ್ದವು. ಇನ್ನು ಕಟ್ಟಿಗೆ, ಇದ್ದಿಲು, ಬೀಡಿ-ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಬೇರೆಯೇ ಕಳ್ಳ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಕೂಸಿನ ರಕ್ತಕ್ಕಂತೂ ತಾಯಿಯದ್ದಕ್ಕಿಂತ ಗಟ್ಟಿಯಾಗಿ.

ಎಷ್ಟು ಗ್ರಾಂ ಕಡಿಮೆಯಾಗುತ್ತದೆ ಎಂಬ ಲೆಕ್ಕ ಕೇಳಿದರೆ ನಿನಗೆ ಆಶ್ಚರ್ಯವಾಗಬಹುದು. ಚೆನ್ನೈನ ಶ್ರೀರಾಮಚಂದ್ರ ವಿಶ್ವವಿದ್ಯಾಲಯದ ಡಾ. ಕಲ್ಪನಾ ಬಾಲಕೃಷ್ಣನ್ ಅವರ ತಂಡ ತಮಿಳುನಾಡಿನ ಸುಮಾರು 1,285 ತಾಯಿ-ಕೂಸುಗಳನ್ನು ಅಧ್ಯಯನ ಮಾಡಿ 2018ರಲ್ಲಿ ವರದಿ ಕೊಟ್ಟಿತು. ಬಸುರಿನ ಕಾಲದಲ್ಲಿ ಉಸಿರಾಡುವ ಗಾಳಿಯ ಒಂದು ಘನ ಮೀಟರಿಗೆ 10 ಮೈಕ್ರೋಗ್ರಾಂ ಪಿಎಂ 2.5 ಹೆಚ್ಚಾದರೆ ಹುಟ್ಟುತೂಕ ಸರಾಸರಿ 4 ಗ್ರಾಂ ಕಡಿಮೆ, ಕಡಿಮೆ ತೂಕದ ಕೂಸುಗಳ ಪ್ರಮಾಣ ಶೇಕಡಾ 2ರಷ್ಟು ಹೆಚ್ಚು. ಇನ್ನೊಂದು ಬೀಜಿಂಗಿನದ್ದು. 2008ರ ಒಲಿಂಪಿಕ್ಸಿಗಾಗಿ ಅಲ್ಲಿನ ಸರ್ಕಾರ ಕಾರ್ಖಾನೆ ನಿಲ್ಲಿಸಿ, ವಾಹನ ತಡೆದು ಗಾಳಿ ಶುದ್ಧ ಮಾಡಿತು. ಆ ವಾರಗಳಲ್ಲಿ ಎಂಟನೇ ತಿಂಗಳಲ್ಲಿದ್ದ ತಾಯಂದಿರ ಕೂಸುಗಳು, ಹಿಂದಿನ ಮತ್ತು ಮುಂದಿನ ವರ್ಷದ ಅದೇ ಕಾಲದ ಕೂಸುಗಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದವು. ನಾಲ್ಕು ಗ್ರಾಂ, ಇಪ್ಪತ್ತಮೂರು ಗ್ರಾಂ. ನಿನ್ನೊಬ್ಬಳ ಕೂಸಿಗೆ ಇದು ಗೊತ್ತಾಗದಷ್ಟು ಕಡಿಮೆ. ಆದರೆ ಒಂದು ಶಹರದ ಎಲ್ಲ ಕೂಸುಗಳ ತೂಕ ಹೀಗೆ ಒಂದಿಷ್ಟು ಕೆಳಗೆ ಜಾರಿದರೆ, 2,500ರ ಗೆರೆಯ ಅಂಚಿನಲ್ಲಿದ್ದ ಎಷ್ಟೋ ಕೂಸುಗಳು ಆಚೆ ಬೀಳುತ್ತವೆ. ಅದಕ್ಕೆ ಈ ಅಂಕಿಗಳನ್ನು ನೋಡಿ ಹೆದರಬೇಕಾದವರು ಮಹಾನಗರಪಾಲಿಕೆಯವರು, ರಸ್ತೆ-ಕಟ್ಟಡ ಕಟ್ಟುವವರು. ಮನೆಯಲ್ಲಿ ಕೂತು ಅಳಬೇಕಾದವಳು ನೀನಲ್ಲ.

ಆದರೆ ಒಂದನ್ನು ಗಮನಿಸು. ಹೊಗೆಯಲ್ಲಿ ದೂರ-ಹತ್ತಿರದ ವ್ಯತ್ಯಾಸ ಬಹಳ ದೊಡ್ಡದು. ಅಮೆರಿಕದ ನ್ಯೂ ಜೆರ್ಸಿ, ಪೆನ್ಸಿಲ್ವೇನಿಯಾದ ಹೆದ್ದಾರಿಗಳಲ್ಲಿ ಟೋಲ್ ಕಟ್ಟಲು ಗಾಡಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಿ, ನಮ್ಮ ಫಾಸ್ಟ್ಯಾಗ್ ಥರದ ವ್ಯವಸ್ಥೆ ಬಂತು. ಟೋಲ್ ನಾಕೆಯಿಂದ ಎರಡು ಕಿಲೋಮೀಟರಿನೊಳಗೆ ಇದ್ದ ತಾಯಂದಿರಲ್ಲಿ ಕಡಿಮೆ ತೂಕದ ಕೂಸುಗಳು, ದಿನ ತುಂಬದ ಹೆರಿಗೆಗಳು ಎರಡೂ ಶೇಕಡಾ ಹತ್ತಕ್ಕಿಂತ ಹೆಚ್ಚು ಕಡಿಮೆಯಾದವು. ಗಾಡಿಗಳು ನಿಂತಲ್ಲೇ ಗುರುಗುಡುವುದು ತಪ್ಪಿದ್ದಕ್ಕೇ ಇಷ್ಟು. ಹಾಗಾಗಿ ಇಡೀ ಪುಣೆಯ ಗಾಳಿಯ ಚಿಂತೆ ಮಾಡುವ ಮೊದಲು, ನಿನ್ನ ಮೂಗಿನಿಂದ ನಾಲ್ಕು ಮೊಳದೊಳಗೆ ಏನು ಉರಿಯುತ್ತಿದೆ ಎಂದು ನೋಡಬೇಕು. ನನ್ನ ಮಾತಿನ ಬೇರು ಇದೇ.

ಮೊಬೈಲಿನ ಅಂಕಿಯ ವಿಷಯ. ನಿಮ್ಮೂರಿನ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯವರು 2013ರಿಂದ ಪುಣೆಯಲ್ಲಿ ಸಫರ್ ಎಂಬ ವ್ಯವಸ್ಥೆಯಡಿ ಗಾಳಿ ಅಳೆಯುತ್ತಿದ್ದಾರೆ. ನೀನು ನೋಡುವ ಸೂಚ್ಯಂಕ ಸಾಮಾನ್ಯವಾಗಿ ಇಪ್ಪತ್ನಾಲ್ಕು ಗಂಟೆಗಳ ಸರಾಸರಿ, ಅದೂ ಆ ಯಂತ್ರ ಇರುವ ಜಾಗದ್ದು. ನೂರರೊಳಗಿದ್ದರೆ ತೃಪ್ತಿಕರ, ಇನ್ನೂರು ದಾಟಿದರೆ ಕೆಟ್ಟದ್ದು ಎಂದು ಲೆಕ್ಕ. ನಮ್ಮ ದೇಶದ ಕಾನೂನು ಪಿಎಂ 2.5ಕ್ಕೆ ವರ್ಷದ ಸರಾಸರಿ 40ರವರೆಗೆ ಬಿಡುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಎರಡರ ನಡುವಿನ ಅಂತರವೇ ನಾವು ಎಲ್ಲಿದ್ದೇವೆ ಎಂದು ಹೇಳುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮ ತಂದಾಗ ಮಿತಿ ಮೀರಿದ ಊರುಗಳ ಪಟ್ಟಿಯಲ್ಲಿ ಪುಣೆಯ ಹೆಸರೂ ಇತ್ತು.

ಪುಣೆಗೆ ಸುತ್ತಲೂ ಗುಡ್ಡ. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ, ತಣ್ಣನೆಯ ಗಾಳಿ ಕೆಳಗೆ ಕೂತು, ಬೆಚ್ಚನೆಯ ಗಾಳಿ ಅದರ ಮೇಲೆ ಪಾತ್ರೆಯ ಮುಚ್ಚಳದಂತೆ ಬೀಳುತ್ತದೆ. ರಾತ್ರಿಯ ಲಾರಿ ಹೊಗೆ, ಕಸದ ಹೊಗೆ, ಸಿಮೆಂಟಿನ ದೂಳು ಎಲ್ಲ ಅದರಡಿ ನಿಂತಿರುತ್ತವೆ. ಬಿಸಿಲು ಏರಿದ ಮೇಲೆ ಗಾಳಿ ಕಲಕಿ ತಿಳಿಯಾಗುತ್ತದೆ. ಅದಕ್ಕೆ ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಆರು ಗಂಟೆಯ ವಾಕಿಂಗ್ ಬಿಡು. ಅತ್ತೆಯವರು ಬೆಳಗಿನ ಗಾಳಿ ಒಳ್ಳೆಯದು ಅನ್ನುತ್ತಾರೆ, ಅವರ ಕಾಲದ ಪುಣೆಯಲ್ಲಿ ಅದು ಸರಿಯಾಗಿತ್ತು. ನೀನು ಮಧ್ಯಾಹ್ನ ಮೂರು-ನಾಲ್ಕಕ್ಕೆ, ದೊಡ್ಡ ರಸ್ತೆ ಬಿಟ್ಟು ಸೊಸೈಟಿಯ ಹಿಂದಿನ ಗಿಡಗಳ ಕಡೆ ನಡೆ. ನಡೆಯುವುದನ್ನು ಮಾತ್ರ ಬಿಡಬೇಡ. ಕಿಟಕಿಗಳನ್ನೂ ಆ ಹೊತ್ತಿನಲ್ಲೇ ತೆರೆದಿಡು.

ಹಿಂಜವಡಿಯ ಆಫೀಸಿಗೆ ಸ್ಕೂಟರಿನಲ್ಲಿ ಭೂಮ್ಕರ್ ಚೌಕದ ಜಾಮಿನಲ್ಲಿ ನಿಂತು ಹೋಗುತ್ತಿದ್ದಿಯಲ್ಲ, ಅದನ್ನು ಇವತ್ತೇ ನಿಲ್ಲಿಸು. ಮುಂದಿನ ಬಸ್ಸಿನ ಹೊಗೆಕೊಳವೆ ಸರಿಯಾಗಿ ನಿನ್ನ ಮುಖಕ್ಕೆ ಇರುತ್ತದೆ. ಮನೆಯಿಂದ ಕೆಲಸ ಮಾಡಲು ಎಷ್ಟು ದಿನ ಬಿಡುತ್ತಾರೋ ಅಷ್ಟು ದಿನ ಮಾಡು. ಹೋಗಲೇಬೇಕಾದ ದಿನ ಜಾಮಿಗಿಂತ ಮೊದಲು ಹೊರಡು, ಕಾರಿನಲ್ಲಾದರೆ ಗಾಜು ಏರಿಸಿ ಒಳಗಿನ ಗಾಳಿಯೇ ತಿರುಗುವಂತೆ ಎಸಿ ಇಡು. ಮುಖಕ್ಕೆ ಸುತ್ತುವ ಓಢಣಿ ಈ ಸಣ್ಣ ಕಣಗಳನ್ನು ತಡೆಯುವುದಿಲ್ಲ, ಎನ್-95 ಮಾಸ್ಕ್ ಮೂಗಿಗೆ ಒತ್ತಿ ಕೂತರೆ ತಡೆಯುತ್ತದೆ. ಉಸಿರು ಕಟ್ಟಿದಂತಾದರೆ ತೆಗೆದುಬಿಡು. ಇನ್ನೊಂದು, ಆಫೀಸಿನ ಕೆಳಗಿನ ಟಪರಿ. ಚಹಾ ಕುಡಿಯಲು ಎಲ್ಲರೂ ಅಲ್ಲಿಗೇ ಇಳಿಯುತ್ತಾರೆ, ಅರ್ಧ ಮಂದಿ ಸಿಗರೇಟು ಹಚ್ಚಿರುತ್ತಾರೆ. ಚಹಾ ಮೇಲೆಯೇ ತರಿಸಿಕೊ. ಅಳಿಯಂದಿರು ಮನೆಯಲ್ಲಿ ಸೇದುವುದಿಲ್ಲ, ಬಾಲ್ಕನಿಯಲ್ಲಿ ಸೇದುತ್ತಾರೆ ಎಂದು ನಿಮ್ಮ ಅವ್ವ ಹೇಳಿದಳು. ಅಳಿಯಂದಿರಿಗೆ ನಾನು ಕೈಮುಗಿದು ಹೇಳುತ್ತೇನೆ: ಬಾಲ್ಕನಿಯ ಹೊಗೆ ಬಾಗಿಲಿನಿಂದ ಒಳಗೇ ಬರುತ್ತದೆ, ಬಟ್ಟೆಗೂ ಕೂದಲಿಗೂ ಅಂಟಿ ಹಾಸಿಗೆಯವರೆಗೆ ಬರುತ್ತದೆ. ಈ ಐದಾರು ತಿಂಗಳು ಬಿಟ್ಟವರು ಮುಂದೆಯೂ ಬಿಟ್ಟಿರಬಹುದು.

ಇನ್ನು ಸೊಳ್ಳೆ ಬತ್ತಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟುಗಳಷ್ಟು ಎಂದು ಕಂಡಿತ್ತು. ಬಾಗಿಲು ಮುಚ್ಚಿ, ಮಂಚದಡಿ ಬತ್ತಿ ಹಚ್ಚಿ, ರಾತ್ರಿಯಿಡೀ ಅದನ್ನೇ ಉಸಿರಾಡುವ ಮನೆಗಳು ಎಷ್ಟಿಲ್ಲ! ಹಾಗಂತ ಸೊಳ್ಳೆ ಕಚ್ಚಿಸಿಕೊಳ್ಳುವ ಹಾಗೂ ಇಲ್ಲ. ಪುಣೆಯಲ್ಲಿ ಮಳೆಗಾಲ ಬಂತೆಂದರೆ ಡೆಂಗಿ, ಚಿಕುನ್‌ಗುನ್ಯ. 2024ರಲ್ಲಿ ಝೀಕಾ ಕೂಡ ಬಂದು ಬಸುರಿಯರಿಗೂ ತಗಲಿತ್ತು, ಅದು ಕೂಸಿನ ತಲೆಯ ಬೆಳವಣಿಗೆಗೇ ಕಂಟಕ. ಕಿಟಕಿಗೆ ಜಾಳಿಗೆ ಹಾಕಿಸಿ, ಹಾಸಿಗೆಗೆ ಸೊಳ್ಳೆಪರದೆ ಕಟ್ಟಿ, ಕುಂಡದ ತಟ್ಟೆಯ ನೀರು ವಾರಕ್ಕೊಮ್ಮೆ ಚೆಲ್ಲಿ. ಡೆಂಗಿಯ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊ. ದೇವರ ಮನೆಯ ವಿಷಯ ಸೂಕ್ಷ್ಮ. ಅತ್ತೆಯವರಿಗೆ ಧೂಪ ಬೇಡ ಎಂದು ನೀನು ಹೇಳಿದರೆ ನೋವಾದೀತು. ತುಪ್ಪದ ದೀಪ ಒಂದಿರಲಿ, ಊದುಬತ್ತಿ-ಲೋಬಾನ ಕೂಸು ಬರುವವರೆಗೆ ಬೇಡ ಎಂದು ಅವರ ಮಗನೇ ಹೇಳಲಿ. ದೇವರು ಹೂವಿಗೂ ಒಲಿಯುತ್ತಾನೆ, ಇದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ.

ದೀಪಾವಳಿ ಹತ್ತಿರ ಬಂದರೆ ಪುಣೆಯ ಎದೆರೋಗ ಸಂಶೋಧನಾ ಪ್ರತಿಷ್ಠಾನದಲ್ಲಿದ್ದಾಗ ಡಾ. ಸಂದೀಪ್ ಸಾಳ್ವಿಯವರ ತಂಡ ಹೇಳಿದ್ದನ್ನು ನೆನಪಿಡು. ಸದ್ದು ಮಾಡುವ ಪಟಾಕಿಗಳಿಗಿಂತ ಮಕ್ಕಳ ಕೈಗೆ ನಿರಾತಂಕವಾಗಿ ಕೊಡುವ ಹಾವಿನ ಗುಳಿಗೆಯೇ ಎಲ್ಲಕ್ಕಿಂತ ಹೆಚ್ಚು ಹೊಗೆ ಬಿಡುತ್ತದೆ. ಉರಿಯುವ ಜಾಗದ ಹತ್ತಿರ ಅಳೆದಾಗ ಅದರ ಪಿಎಂ 2.5 ಘನ ಮೀಟರಿಗೆ 64,500 ಮೈಕ್ರೋಗ್ರಾಂ ಮುಟ್ಟಿತ್ತು. ಸುರುಸುರುಬತ್ತಿ, ಭೂಚಕ್ರಗಳೂ ಸಾವಿರಗಳ ಲೆಕ್ಕದಲ್ಲೇ ಇದ್ದವು. ಸೊಸೈಟಿಯ ಮಕ್ಕಳು ಅಂಗಳದಲ್ಲಿ ಹಾವು ಬಿಡುವಾಗ ನೀನು ಒಳಗಿರು, ಕಿಟಕಿ ಮುಚ್ಚಿರು, ಯಾರು ಏನೇ ಅಂದುಕೊಳ್ಳಲಿ.

ಅವ್ವನ ಮನೆಗೆ ಹೋಗುವ ಪ್ರಶ್ನೆಗೆ ಈಗ ಬರುತ್ತೇನೆ. ಊರ ಗಾಳಿ ಶುದ್ಧ ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜ. ವಿಜಯಪುರದಲ್ಲಿ ಭೂಮ್ಕರ್ ಚೌಕ ಇಲ್ಲ, ಸರಿ. ಆದರೆ ನಿಮ್ಮ ಮನೆಯ ಬಚ್ಚಲೊಲೆಗೆ ಇವತ್ತಿಗೂ ಜಾಲಿ ಕಟ್ಟಿಗೆ, ತೊಗರಿ ಕಟಗಿ. ಗ್ಯಾಸ್ ಇದ್ದರೂ ರೊಟ್ಟಿಗೆ ಒಲೆಯೇ ಬೇಕು ಎನ್ನುತ್ತಾಳೆ ನಿನ್ನ ಅವ್ವ. ನೀನು ಅಲ್ಲಿ ಹೋಗಿ ಒಲೆಯ ಮುಂದೆ ಕೂತು ಮಾತಾಡುತ್ತ ರೊಟ್ಟಿ ತಿಂದರೆ, ಪುಣೆಯ ರಸ್ತೆಗಿಂತ ಹೆಚ್ಚಿನ ಹೊಗೆ ಅದೇ ಗಳಿಗೆಯಲ್ಲಿ ಒಳಗೆ ಹೋಗುತ್ತದೆ. ಗ್ಯಾಸ್ ಕೊಟ್ಟರೆ ಕೂಸಿನ ತೂಕ ಏರುತ್ತದೆಯೇ ಎಂದು ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾಗಳ 3,200 ಬಸುರಿಯರಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ನಮ್ಮ ಕಡೆಯವರು ತಮಿಳುನಾಡಿನವರು. ಗ್ಯಾಸ್ ಸಿಕ್ಕವರು ಉಸಿರಾಡಿದ ಪಿಎಂ 2.5 ಎಪ್ಪತ್ತರ ಆಸುಪಾಸಿನ ಬದಲು 24ಕ್ಕೆ ಇಳಿದಿತ್ತು. ಆದರೂ 2022ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿನ ಕೂಸುಗಳ ತೂಕದ ವ್ಯತ್ಯಾಸ ಇಪ್ಪತ್ತು ಗ್ರಾಮಿನಷ್ಟೇ, ಅದೂ ಖಚಿತವೆಂದು ಹೇಳುವಷ್ಟಿರಲಿಲ್ಲ. ಇದನ್ನು ನಿನ್ನಿಂದ ಬಚ್ಚಿಡಬಾರದು ಎಂದೇ ಹೇಳುತ್ತಿದ್ದೇನೆ. ಅವರೆಲ್ಲ ಬಸುರಾಗಿ ಒಂಬತ್ತರಿಂದ ಇಪ್ಪತ್ತು ವಾರದೊಳಗೆ ಆ ಪ್ರಯೋಗಕ್ಕೆ ಸೇರಿದವರು, ಮಾಸು ಬೇರೂರುವ ಮೊದಲ ತಿಂಗಳುಗಳು ಹಳೆಯ ಹೊಗೆಯಲ್ಲೇ ಕಳೆದಿದ್ದವು. ನನಗನಿಸುವುದು, ಹೊಗೆ ದೂರವಿಡುವ ಕೆಲಸ ಮದುವೆಯಾದ ಮನೆಯಲ್ಲಿ ಬಸುರಿಗೂ ಮೊದಲೇ ಶುರುವಾಗಬೇಕು. ನಿನ್ನ ತಂಗಿಯ ಮದುವೆ ಮುಂದಿನ ವರ್ಷ, ಅವಳಿಗೂ ಇದನ್ನು ಓದಿಸು.

ಅದಕ್ಕೆ ಈಗ ಓಡಬೇಡ. ಕುಬಸ ಮುಗಿಸಿಕೊಂಡು ಹೋಗುವ ಹೊತ್ತಿಗೆ ಬಚ್ಚಲಿಗೆ ಸೋಲಾರೋ ಗೀಸರೋ ಆಗಬೇಕೆಂದು ನಿನ್ನ ಅವ್ವನಿಗೆ ಹೇಳಿದ್ದೇನೆ, ನಿನ್ನ ತಮ್ಮ ಹಾಕಿಸುತ್ತೇನೆ ಅಂದಿದ್ದಾನೆ. ಬಾಣಂತಿ ಕೋಣೆಯ ಮಾತೂ ಆಗಿದೆ. ನಮ್ಮಲ್ಲಿ ಕಿಟಕಿ ಮುಚ್ಚಿ, ಮಂಚದಡಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ಬಾಣಂತಿಗೂ ಕೂಸಿಗೂ ಕಾಸುತ್ತಾರೆ, ಅಜವಾನ-ಲೋಬಾನದ ಹೊಗೆ ಕೊಡುತ್ತಾರೆ. ಮುಚ್ಚಿದ ಕೋಣೆಯ ಕೆಂಡದಿಂದ ಬರುವುದು ಅದೇ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಜೀವಕ್ಕೇ ಅಪಾಯ. ಬೆಚ್ಚಗಿಡಲು ಉಣ್ಣೆಯ ಟೋಪಿ ಇದೆ, ತಾಯಿಯ ಎದೆಗೆ ಕೂಸನ್ನು ಬರಿಮೈಯಲ್ಲಿ ಅವುಚುವ ಕಾಂಗರೂ ಆರೈಕೆ ಇದೆ. ಕಡಿಮೆ ತೂಕದ ಕೂಸುಗಳಿಗೆ ಅದಕ್ಕಿಂತ ಒಳ್ಳೆಯ ಕಾವಿಲ್ಲ.

ಸೊಸೈಟಿಯ ಸಭೆಗೆ ಅಳಿಯಂದಿರು ಹೋಗಲಿ. ಒಣಗಿದ ಎಲೆಗೆ ಬೆಂಕಿ ಹಚ್ಚುವುದು, ಚಳಿಗೆ ವಾಚ್‌ಮನ್ ಪ್ಲಾಸ್ಟಿಕ್ ಹಾಕಿ ಶೇಕೋಟಿ ಉರಿಸುವುದು ನಿಮ್ಮ ಕಿಟಕಿಯ ಕೆಳಗೇ ನಡೆಯುತ್ತದೆ. ಬೈಯುವುದರಿಂದ ಅದು ನಿಲ್ಲುವುದಿಲ್ಲ. ವಾಚ್‌ಮನ್‌ಗೆ ಕಂಬಳಿ, ಸ್ವೆಟರ್ ಕೊಡಿಸಿದರೆ ಬೆಂಕಿ ತಾನಾಗಿ ನಿಲ್ಲುತ್ತದೆ. ಎಲೆಗೆ ಗೊಬ್ಬರದ ಗುಂಡಿ ತೋಡಿಸಬಹುದು.

ಕೊನೆಗೆ ನಿಮ್ಮ ಎದುರಿನ ಕಟ್ಟಡದ ಮಾತು. ಅದರ ದೂಳಿಗೆ ಹಸಿರು ಪರದೆ ಕಟ್ಟಿಸಬೇಕು, ದಿನಕ್ಕೆ ನಾಲ್ಕು ಸಲ ನೀರು ಹೊಡೆಸಬೇಕು ಎಂದು ದೂರು ಕೊಟ್ಟಿದ್ದೀರಿ, ಒಳ್ಳೆಯದಾಯಿತು. ಆ ಕಟ್ಟಡದಲ್ಲಿ ಬುಟ್ಟಿ ಹೊರುವ ಹೆಂಗಸರು ಯಾವ ಊರಿನವರೆಂದು ಕೇಳಿದ್ದಿಯಾ? ಅವರ ಮಾತು ಕೇಳಿಸಿಕೊ. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ಕನ್ನಡ ಅದು. ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳಿಂದ ಪುಣೆಗೆ ಗುಳೆ ಬರುವುದು ಹೊಸದೇನಲ್ಲ. ಅವರಲ್ಲೂ ಬಸುರಿಯರಿರುತ್ತಾರೆ. ನಿನಗೆ ಕಿಟಕಿ ಮುಚ್ಚುವ ಅನುಕೂಲವಿದೆ, ಮನೆಯಿಂದ ಕೆಲಸ ಮಾಡುವ ದಾರಿಯಿದೆ. ಅಲ್ಲಿನ ಬಸುರಿ ಹಗಲಿಡೀ ಸಿಮೆಂಟಿನ ದೂಳಿನಲ್ಲಿರುತ್ತಾಳೆ, ಸಂಜೆ ತಗಡಿನ ಶೆಡ್ಡಿನಲ್ಲಿ ಸೆಂಟ್ರಿಂಗ್ ಹಲಗೆಯ ಚೂರು ಉರಿಸಿ ಅಡಿಗೆ ಮಾಡುತ್ತಾಳೆ. ಹಸಿವು ಮರೆಯಲು ಹಲ್ಲಿಗೆ ಮಶೇರಿ ತಿಕ್ಕುವವರೂ ಇದ್ದಾರೆ. ಅದು ತಂಬಾಕನ್ನು ಹಂಚಿನ ಮೇಲೆ ಹುರಿದು ಮಾಡಿದ ಪುಡಿ, ಹುರಿಯುವಾಗ ಹೊಗೆ, ತಿಕ್ಕುವಾಗ ವಿಷ. ಮುಂಬಯಿಯ 1,217 ಹೆಂಗಸರ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸಿದವರ ಕೂಸುಗಳು ಸರಾಸರಿ 105 ಗ್ರಾಂ ಕಡಿಮೆ ತೂಗಿದ್ದವು. 2004ರ ವರದಿ ಅದು. ಗಾಳಿಯ ನಾಲ್ಕು ಗ್ರಾಮಿನ ಪಕ್ಕದಲ್ಲಿ ಈ ನೂರೈದನ್ನು ಇಟ್ಟು ನೋಡು.

ಅವರ ಹತ್ತಿರ ಮರಾಠಿಯಲ್ಲಿ ಮಾತಾಡಲು ನರ್ಸ್‌ಬಾಯಿಗಳಿದ್ದಾರೆ, ಕನ್ನಡದಲ್ಲಿ ಕೂತು ಹೇಳುವವರು ಕಡಿಮೆ. ಆ ಕೆಲಸ ನಿನ್ನಿಂದ ಆಗುತ್ತದೆ. ಊರಿನ ತಾಯಿ ಕಾರ್ಡ್ ಇದ್ದರೂ ಇಲ್ಲಿನ ಮಹಾಪಾಲಿಕೆಯ ದವಾಖಾನೆಯಲ್ಲಿ ಹೆಸರು ಬರೆಸಬಹುದು, ಕಬ್ಬಿಣದ ಗುಳಿಗೆ ಪುಕ್ಕಟೆ ಸಿಗುತ್ತದೆ, ಹತ್ತಿರದ ಅಂಗನವಾಡಿಯಲ್ಲಿ ಬಸುರಿಗೆ ಆಹಾರ ಸಿಗುತ್ತದೆ ಎಂದು ಹೇಳು. ಚೊಚ್ಚಲ ಬಸುರಿಗೆ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಇದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಹೆರಿಗೆಗೆ ನೆರವೂ ಸಿಗುತ್ತದೆ, ಆದರೆ 90 ದಿನದ ಪತ್ರಕ್ಕೆ ಗುತ್ತಿಗೆದಾರ ಸಹಿ ಹಾಕಬೇಕು, ಅಲ್ಲೇ ಎಷ್ಟೋ ಜನರ ಅರ್ಜಿ ನಿಂತುಬಿಡುತ್ತದೆ. ಅಳಿಯಂದಿರು ಹೋಗಿ ಆ ಗುತ್ತಿಗೆದಾರನ ಹತ್ತಿರ ಗಟ್ಟಿಯಾಗಿ ಮಾತಾಡಲಿ. ಬಸುರಿಯನ್ನು ಸಿಮೆಂಟ್ ಚೀಲ ಒಡೆಯುವ, ಕಲ್ಲು ಕೊರೆಯುವ ಜಾಗದಿಂದ ಬೇರೆ ಕೆಲಸಕ್ಕೆ ಹಾಕಿಸಲಿ. ಮುಂದಿನ ಭಾನುವಾರ ನಾನು ವಾಕಡ್‌ಗೆ ಬರುತ್ತೇನೆ. ಅಷ್ಟರೊಳಗೆ ಅವರಲ್ಲಿ ಬಸುರಿಯರು ಯಾರ್ಯಾರು, ಎಷ್ಟನೇ ತಿಂಗಳು, ಯಾರ ಹತ್ತಿರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಇದೆ ಎಂದು ಕೇಳಿ ಬರೆದಿಡು. ದವಾಖಾನೆಯ ಹೊರರೋಗಿ ವಿಭಾಗ ಸೋಮವಾರ ಬೆಳಿಗ್ಗೆ ತೆರೆಯುತ್ತದೆ, ನಾನೇ ಅವರನ್ನು ಕರೆದುಕೊಂಡು ಹೋಗುತ್ತೇನೆ.